ಚಿಕ್ಕ ಲೇತ್‌ಗೆ ಯಾವ ಬೆಲ್ಟ್? ಒಂದೊಂದನ್ನೇ ಹಾಕಿ ಓಡಿಸಿ ನೋಡಿದ್ದು

ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಮಷೀನು, ಮೋಟಾರ್ ಓಟವನ್ನು ಅದಕ್ಕೆ ತಲುಪಿಸುವುದು ಬೆಲ್ಟ್. ಮೊದಲೇ ಹೇಳಿಬಿಡುತ್ತೇನೆ. ಹವ್ಯಾಸಕ್ಕೆ ಇಟ್ಟುಕೊಂಡ ಚಿಕ್ಕ ಲೇತ್‌ಗೆ ಬೇಕಿರುವುದು ಗಟ್ಟಿ ಬೆಲ್ಟ್ ಅಲ್ಲ, ಸಲೀಸಾಗಿ ಬಾಗುವ ಬೆಲ್ಟ್. ಬೆಲ್ಟ್ ಕೊಡಿ ಅಂದರೆ ಸಾಕು, ‘ಇದು ಹೆವಿ ಡ್ಯೂಟಿ, ಜನ್ಮದಲ್ಲಿ ಹರಿಯಲ್ಲ’ ಅಂತ ದಪ್ಪನೆಯದೊಂದನ್ನು ಕೈಗೆ ಕೊಡುತ್ತಾರೆ. ಹರಿಯಲ್ಲ, ನಿಜ. ಆದರೆ ಚಿಕ್ಕ ಲೇತ್‌ನಲ್ಲಿ ಬೆಲ್ಟ್ ಹರಿಯುವುದೇ ಅಪರೂಪ. ಅಲ್ಲಿ ಕಾಡುವುದು ಬೇರೆ: ನಡುಕ, ಶಾಖ, ಜಾಬ್ (ಕೊರೆಯುತ್ತಿರುವ ತುಂಡು) ಮೇಲೆ ಮೂಡುವ ಅಲೆ ಅಲೆ ಗೆರೆ. ಮೋಟಾರ್ ಇರುವುದೇ ಅರ್ಧ ಎಚ್‌ಪಿ, ಜಾಸ್ತಿ ಅಂದರೆ ಮುಕ್ಕಾಲು. ಅಷ್ಟನ್ನು ಎಳೆಯುವುದು ಯಾವ ಬೆಲ್ಟ್‌ಗೂ ಕಷ್ಟವಲ್ಲ.

ಕಷ್ಟ ಇರುವುದು ಮೋಟಾರ್ ಕಡೆಯ ಪುಲ್ಲಿಯಲ್ಲಿ. ಚಿಕ್ಕ ಮಷೀನಿನಲ್ಲಿ ಜಾಗ ಇಲ್ಲ, ಜಾಬ್ ತಿರುಗಿಸುವ ಶಾಫ್ಟ್, ಅಂದರೆ ಸ್ಪಿಂಡಲ್, ಅದರ ವೇಗ ಇಳಿಸಬೇಕು, ಹಾಗಾಗಿ ಅಲ್ಲಿ ಪುಟ್ಟ ಪುಲ್ಲಿ ಕೂರಿಸಿರುತ್ತಾರೆ. 50 ಮಿಮೀ ಪುಲ್ಲಿ, 1,400 ಆರ್‌ಪಿಎಂ ಮೋಟಾರ್, 700 ಮಿಮೀ ಉದ್ದದ ಬೆಲ್ಟ್ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಬೆಲ್ಟ್ ಸೆಕೆಂಡಿಗೆ ಐದು ಸುತ್ತು ಬರುತ್ತದೆ, ಪುಲ್ಲಿ ಎರಡು, ಅಂದರೆ ಅದರ ಪ್ರತಿ ತುಣುಕೂ ಸೆಕೆಂಡಿಗೆ ಹತ್ತು ಸಲ ಬಾಗಿ ಹತ್ತು ಸಲ ನೆಟ್ಟಗಾಗಬೇಕು. ದಪ್ಪ ಬೆಲ್ಟ್ ಬಾಗೋಕೆ ಒಪ್ಪಲ್ಲ. ಬಲವಂತಕ್ಕೆ ಬಾಗುತ್ತದೆ, ಬಿಸಿಯಾಗುತ್ತದೆ, ಇರುವ ಅರ್ಧ ಎಚ್‌ಪಿಯಲ್ಲೂ ಸ್ವಲ್ಪ ತಿನ್ನುತ್ತದೆ. ಕಟ್ ಹಾಕದೆ ಸುಮ್ನೆ ಹತ್ತು ನಿಮಿಷ ಓಡಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಬೆಲ್ಟ್ ಮುಟ್ಟಿ ನೋಡಿ. ಚೆನ್ನಾಗಿ ಬಿಸಿ ಇದ್ದರೆ ಒಂದೋ ಬೆಲ್ಟ್ ಆ ಪುಲ್ಲಿಗೆ ದಪ್ಪವಾಯಿತು, ಇಲ್ಲ ವಿಪರೀತ ಬಿಗಿಯಾಗಿದೆ, ಅಥವಾ ಜಾರುತ್ತಿದೆ.

ಮಾಮೂಲಿ ವಿ ಬೆಲ್ಟ್‌ನಿಂದ ಶುರು ಮಾಡೋಣ. ಅಡ್ಡ ಕತ್ತರಿಸಿದರೆ ವಿ ಆಕಾರ ಕಾಣುವ, ಬಟ್ಟೆ ಸುತ್ತಿದ ಕಪ್ಪು ಬೆಲ್ಟ್, ಎಲ್ಲ ಕಡೆ ಸಿಗುತ್ತದೆ. ಎ ಸೈಜ್ ಅಂದರೆ ಮೇಲ್ಭಾಗ 13 ಮಿಮೀ ಅಗಲ, 8 ಮಿಮೀ ದಪ್ಪ. ಝಡ್ ಅಂದರೆ 10 ಮಿಮೀ ಅಗಲ, 6 ಮಿಮೀ ದಪ್ಪ. ಎ ಸೈಜಿಗೆ ಸುಮಾರು 75 ಮಿಮೀಗಿಂತ, ಝಡ್‌ಗೆ ಸುಮಾರು 50 ಮಿಮೀಗಿಂತ ಚಿಕ್ಕ ಪುಲ್ಲಿ ಹಾಕಬೇಡಿ ಅನ್ನುವುದು ಸಾಮಾನ್ಯ ನಿಯಮ. ಇದನ್ನು ಮೀರಿದ ಲೇತ್‌ಗಳು ಬೇಕಾದಷ್ಟಿವೆ, ಓಡುತ್ತವೆ ಕೂಡ, ಆದರೆ ಹೇಗೆ ಓಡುತ್ತವೆ ಅನ್ನುವುದೇ ಪ್ರಶ್ನೆ. ವಾರಗಟ್ಟಲೆ ಮುಟ್ಟದೆ ಬಿಟ್ಟ ಲೇತ್‌ನಲ್ಲಿ ಈ ಬೆಲ್ಟ್ ಪುಲ್ಲಿಗಳ ಮೇಲೆ ಕೂತ ಆಕಾರದಲ್ಲೇ ಸೆಟೆದುಕೊಂಡಿರುತ್ತದೆ. ಸ್ವಿಚ್ ಒತ್ತಿದ ಕೂಡಲೇ ಡಬ್ ಡಬ್ ಡಬ್ ಅಂತ ಬಡಿತ. ಸ್ವಲ್ಪ ಹೊತ್ತು ಓಡಿ ಬಿಸಿಯಾದ ಮೇಲೆ ಬಡಿತ ಕಡಿಮೆಯಾಗುತ್ತದೆ, ಅಗ್ಗದ ಬೆಲ್ಟ್ ಆದರೆ ಪೂರ್ತಿ ಹೋಗುವುದೇ ಇಲ್ಲ. ದಿನಾ ಓಡುವ ವರ್ಕ್‌ಶಾಪ್ ಮಷೀನಿಗೆ ಇದು ದೊಡ್ಡ ವಿಷಯವಲ್ಲ. ಭಾನುವಾರ ಮಾತ್ರ ಮುಸುಕು ತೆಗೆಯುವ ನಮ್ಮ ಲೇತ್‌ಗೆ ಇದೇ ದೊಡ್ಡ ವಿಷಯ. ನನ್ನ ಲೆಕ್ಕದಲ್ಲಿ ಇದಕ್ಕೆ ಪಾಸ್ ಮಾರ್ಕ್ಸ್ ಅಷ್ಟೇ.

ಅದೇ ಅಳತೆಯಲ್ಲಿ ಒಳಮೈಗೆ ಅಡ್ಡಡ್ಡ ಕಚ್ಚು ಹಾಕಿದ ವಿ ಬೆಲ್ಟ್ ಬರುತ್ತದೆ. ಕಾಗ್ಡ್ ಅಂತಾರೆ, ಪಕ್ಕಗಳಿಗೆ ಬಟ್ಟೆ ಇಲ್ಲದೆ ರಬ್ಬರ್ ಹಾಗೇ ಬಿಟ್ಟಿರುವುದರಿಂದ ರಾ ಎಡ್ಜ್ ಅಂತಲೂ ಅಂತಾರೆ. ನಂಬರಿನಲ್ಲಿ ಎ ಬದಲು ಎಎಕ್ಸ್ ಅಂತ ಇರುತ್ತದೆ. ನೋಡಿದವರು ಹಲ್ಲಿರುವ ಪುಲ್ಲಿಗೆ ಕಚ್ಚಿಕೊಂಡು ಓಡುವ ಟೈಮಿಂಗ್ ಬೆಲ್ಟ್ ಅಂದುಕೊಳ್ಳುತ್ತಾರೆ, ಅದಲ್ಲ. ಈ ಹಲ್ಲುಗಳು ಯಾವುದಕ್ಕೂ ಕಚ್ಚಿಕೊಳ್ಳುವುದಿಲ್ಲ, ಬಾಗುವಾಗ ಒಳಗಿನ ರಬ್ಬರ್ ಒತ್ತಿಕೊಂಡು ಉಬ್ಬದಿರಲಿ ಅಂತ ಬಿಟ್ಟ ಖಾಲಿ ಜಾಗ ಅಷ್ಟೇ. ಎರಡನ್ನೂ ಕೈಯಲ್ಲಿ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಮಡಚಿ ನೋಡಿ, ವ್ಯತ್ಯಾಸ ಹೇಳಬೇಕಿಲ್ಲ. ಬಟ್ಟೆ ಸುತ್ತಿದ್ದು ವಾಪಸ್ ಚಿಮ್ಮುತ್ತದೆ, ಇದು ಸುಮ್ಮನೆ ಮಡಚಿಕೊಳ್ಳುತ್ತದೆ. ಅದೇ ಲೇತ್, ಅದೇ ಪುಲ್ಲಿ, ಅದೇ ಟೂಲ್ ಇಟ್ಟುಕೊಂಡು ಬೆಲ್ಟ್ ಒಂದನ್ನೇ ಬದಲಿಸಿದಾಗ ಅಲ್ಯೂಮಿನಿಯಂ ಜಾಬ್ ಮೇಲಿನ ಫಿನಿಶ್ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಮೇಲಿನ ವೇಗಗಳಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ, ಅದೊಂದು ದೂರು. ವಿ ಪುಲ್ಲಿ ಇರುವ, ಬೆಲ್ಟ್ ಸುಲಭವಾಗಿ ಹೊರಗೆ ಬರುವ ಲೇತ್ ನಿಮ್ಮದಾದರೆ ಮುಂದೆ ಓದುವ ಅಗತ್ಯವೇ ಇಲ್ಲ. ಇದನ್ನೇ ಹಾಕಿ.

ಓದುವವರಿಗೆ ಇನ್ನೊಂದು ಮಾತು, ಗ್ರೂವ್ ಬಗ್ಗೆ, ಅಂದರೆ ಪುಲ್ಲಿಯಲ್ಲಿ ಬೆಲ್ಟ್ ಕೂರುವ ಕಾಲುವೆಯ ಬಗ್ಗೆ. ವಿ ಬೆಲ್ಟ್ ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದಲ್ಲ. ಬೆಲ್ಟ್‌ನ ಕೋನ ಸುಮಾರು 40 ಡಿಗ್ರಿ. ಆದರೆ ಬಾಗಿದಾಗ ಒಳಭಾಗ ಉಬ್ಬಿ ಆ ಕೋನ ಕಿರಿದಾಗುತ್ತದೆ, ಅದಕ್ಕೇ ಚಿಕ್ಕ ಪುಲ್ಲಿಯ ಗ್ರೂವ್ 34 ಡಿಗ್ರಿ, ದೊಡ್ಡದರದ್ದು 38 ಡಿಗ್ರಿ ಇಡುತ್ತಾರೆ. ಸ್ವಂತ ಪುಲ್ಲಿ ಕೊರೆಯುವವರು ಎಲ್ಲಕ್ಕೂ 40 ಇಟ್ಟುಬಿಟ್ಟರೆ ಬೆಲ್ಟ್ ಎಷ್ಟೇ ಒಳ್ಳೆಯದಾದರೂ ಜಾರುತ್ತದೆ. ಹಳೇ ಪುಲ್ಲಿಗೆ ಟಾರ್ಚ್ ಬಿಟ್ಟು ನೋಡಿ. ಗ್ರೂವ್‌ನ ತಳ ಫಳಫಳ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಕೂತು ಉಜ್ಜುತ್ತಿದೆ ಅಂತ ಅರ್ಥ. ಬೆಲ್ಟ್ ಸವೆದಿರಬಹುದು, ಇಲ್ಲ ಗ್ರೂವ್‌ನ ಪಕ್ಕಗಳೇ ಸವೆದು ಬಟ್ಟಲಾಗಿರಬಹುದು. ಎರಡನೆಯದಾದರೆ ಯಾವ ಹೊಸ ಬೆಲ್ಟ್ ಹಾಕಿಯೂ ಉಪಯೋಗವಿಲ್ಲ.

ಸೈಜ್ ತರುವಾಗ ಎಲ್ಲರೂ ಎಡವುವ ಜಾಗ ಉದ್ದ. ಎ 26 ಅಂದರೆ ಒಳಸುತ್ತು 26 ಇಂಚು. 4ಎಲ್ 280 ಅಂದರೆ ಹೊರಸುತ್ತು 28.0 ಇಂಚು. ಎರಡೂ ಹೆಚ್ಚುಕಡಿಮೆ ಒಂದೇ ಉದ್ದದ ಬೆಲ್ಟ್‌ಗಳು, ನಂಬರ್ ನೋಡಿದರೆ ಸಂಬಂಧವೇ ಇಲ್ಲ ಅನಿಸುತ್ತದೆ ಅಲ್ವಾ? ಎಲ್ ಇರುವವು ಚಿಕ್ಕ ಮೋಟಾರ್‌ಗಳಿಗೆಂದೇ ಮಾಡಿದ ಹಗುರ ಬೆಲ್ಟ್‌ಗಳು. 3ಎಲ್ ಹೆಚ್ಚುಕಡಿಮೆ ಝಡ್‌ನ ಜಾಗಕ್ಕೆ, 4ಎಲ್ ಎ ಜಾಗಕ್ಕೆ ಕೂರುತ್ತವೆ. ಹಳೇ ಬೆಲ್ಟ್‌ಗೆ ದಾರ ಸುತ್ತಿ ಅಳೆದು ಅಷ್ಟೇ ಉದ್ದದ್ದು ತರುವುದೂ ಅಷ್ಟು ಸರಿಯಲ್ಲ, ಹಳೆಯದು ಹಿಗ್ಗಿರುತ್ತದೆ. ಅದರ ಬದಲು ಲೆಕ್ಕ ಹಾಕಿ. ಎರಡು ಶಾಫ್ಟ್‌ಗಳ ನಡುವಿನ ದೂರದ ಎರಡು ಪಟ್ಟು, ಅದಕ್ಕೆ ಎರಡೂ ಪುಲ್ಲಿಗಳ ವ್ಯಾಸ ಕೂಡಿಸಿ 1.57ರಿಂದ ಗುಣಿಸಿದ್ದು, ಅದಕ್ಕೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದ್ದು. ದೂರ 200 ಮಿಮೀ, ಪುಲ್ಲಿಗಳು 100 ಮತ್ತು 50 ಆದರೆ: 400, ಜೊತೆಗೆ 235.5, ಜೊತೆಗೆ 3.1, ಒಟ್ಟು ಸುಮಾರು 639 ಮಿಮೀ. ವ್ಯಾಸ ಅಂದರೆ ಪುಲ್ಲಿಯ ಹೊರ ಅಂಚಿನದ್ದಲ್ಲ, ಬೆಲ್ಟ್‌ನೊಳಗಿನ ದಾರ ಹಾದುಹೋಗುವ ಮಟ್ಟದ್ದು, ಅಂಚಿಗಿಂತ ತುಸು ಒಳಗೆ. ಮೋಟಾರ್‌ನ ಸರಿಸುವ ಸೀಳು ಮಧ್ಯಕ್ಕೆ ಬರುವ ಹಾಗೆ ದೂರ ಇಟ್ಟುಕೊಂಡು ಲೆಕ್ಕ ಮಾಡಿದರೆ ಐದು ಮಿಮೀ ಆಚೀಚೆ ಆದರೂ ನಡೆಯುತ್ತದೆ.

ಈಗ ಎಲ್ಲರೂ ಹೊಗಳುವ ಲಿಂಕ್ ಬೆಲ್ಟ್. ಫೆನ್ನರ್ ಕಂಪನಿಯ ಪವರ್‌ಟ್ವಿಸ್ಟ್ ಇದರಲ್ಲಿ ಹೆಸರುವಾಸಿ. ಪಾಲಿಯುರೆಥೇನ್ ಮತ್ತು ಪಾಲಿಯೆಸ್ಟರ್ ಬಟ್ಟೆ ಸೇರಿಸಿ ಮಾಡಿದ ಚಿಕ್ಕ ಚಿಕ್ಕ ಬಿಲ್ಲೆಗಳು, ಒಂದರ ಕಿವಿ ಮುಂದಿನೆರಡರ ತೂತಿನಲ್ಲಿ ಸಿಕ್ಕಿಸುತ್ತಾ ಹೋದರೆ ಬೇಕಾದ ಉದ್ದದ ಬೆಲ್ಟ್ ರೆಡಿ. ಇದರ ನಿಜವಾದ ಬೆಲೆ ಗೊತ್ತಾಗುವುದು ಬೆಲ್ಟ್ ಒಳಗೆ ಸಿಕ್ಕಿಹಾಕಿಕೊಂಡಿರುವ ಲೇತ್‌ಗಳಲ್ಲಿ. ಮೈಫರ್ಡ್ ಎಂಎಲ್7 ಥರದ ಹಳೇ ಮಷೀನಿನಲ್ಲಿ ಪುಲ್ಲಿ ಇರುವುದು ಸ್ಪಿಂಡಲ್‌ನ ಎರಡು ಬೇರಿಂಗ್‌ಗಳ ನಡುವೆ. ಮಾಮೂಲಿ ಬೆಲ್ಟ್ ಹಾಕಬೇಕಾದರೆ ಸ್ಪಿಂಡಲ್ಲನ್ನೇ ಬಿಚ್ಚಬೇಕು, ಆಮೇಲೆ ಬೇರಿಂಗ್ ಮತ್ತೆ ಹೊಂದಿಸಬೇಕು. ಚೆನ್ನಾಗಿ ಓಡುತ್ತಿರುವ ಬೇರಿಂಗನ್ನು ಒಂದು ಬೆಲ್ಟ್‌ಗೋಸ್ಕರ ಕೆದಕುವುದು ಯಾರಿಗೆ ಬೇಕು? ಲಿಂಕ್ ಬೆಲ್ಟನ್ನು ಒಳಗೆ ತೂರಿಸಿ, ತುದಿಗಳನ್ನು ಸೇರಿಸಿದರೆ ಮುಗಿಯಿತು.

ಸೇರಿಸುವುದು ಮಾತ್ರ ಬೆರಳಿಗೆ ಶಿಕ್ಷೆ. ಹೊಸದರಲ್ಲಿ ಬಿಲ್ಲೆಗಳು ಸೆಟೆದಿರುತ್ತವೆ. ಬೆಲ್ಟನ್ನು ಒಳಹೊರಗು ಮಾಡಿ, ಕಿವಿಗಳು ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಜೋಡಿಸಿ, ಆಮೇಲೆ ತಿರುಗಿಸಿ ಕಿವಿಗಳನ್ನು ಒಳಗೆ ತರಬೇಕು. ಬಾಣದ ಗುರುತಿನ ಕಡೆಗೇ ತಿರುಗಬೇಕು. ಕೈಯಲ್ಲಿ ಬಿಗಿಯಾಗಿ ಎಳೆದು ಉದ್ದ ಗೊತ್ತು ಮಾಡಿಕೊಂಡ ಮೇಲೆ ಎ ಮತ್ತು ಝಡ್ ಸೈಜುಗಳಲ್ಲಿ ಪ್ರತಿ 24 ಬಿಲ್ಲೆಗೆ ಒಂದರಂತೆ ತೆಗೆಯಬೇಕು, ಅದರಿಂದಲೇ ಸರಿಯಾದ ಬಿಗಿ ಬರುತ್ತದೆ. ತೆಗೆಯೋಕೆ ಮನಸ್ಸು ಬರಲ್ಲ, ಹೇಗಪ್ಪಾ ಹಿಡಿಸುತ್ತದೆ ಅನಿಸುತ್ತದೆ, ಆದರೆ ಹಿಡಿಸುತ್ತದೆ. ದೊಡ್ಡ ಪುಲ್ಲಿಯ ಗ್ರೂವ್‌ಗೆ ಒಂದು ತುದಿ ಸಿಕ್ಕಿಸಿ ಜಾಬ್ ಹಿಡಿಯುವ ಚಕ್ಕನ್ನು ಕೈಯಲ್ಲೇ ನಿಧಾನ ತಿರುಗಿಸಿದರೆ ತಾನಾಗಿ ಏರಿಕೊಳ್ಳುತ್ತದೆ. ಪ್ಲಗ್ ಕಿತ್ತಿರಬೇಕು ಅಂತ ಬೇರೆ ಹೇಳಬೇಕಾ? ಮೊದಲ ದಿನ ಓಡಿದ ಮೇಲೆ ಹಿಗ್ಗುತ್ತದೆ, ಮತ್ತೆ ಬಿಗಿ ಮಾಡಿಕೊಳ್ಳಬೇಕು.

ಓಟ ಹೇಗಿದೆ ಅಂದರೆ, ನಡುಕ ನಿಜವಾಗಿಯೂ ಕಡಿಮೆ. ಬಿಲ್ಲೆ ಬಿಲ್ಲೆಯ ನಡುವೆ ಬಾಗುವುದರಿಂದ ಪುಲ್ಲಿ ಆಕಾರಕ್ಕೆ ಸೆಟೆದುಕೊಳ್ಳುವ ಪ್ರಶ್ನೆಯೇ ಬರಲ್ಲ, ತಿಂಗಳು ಬಿಟ್ಟು ಸ್ವಿಚ್ ಹಾಕಿದರೂ ಮೊದಲ ಸುತ್ತಿನಿಂದಲೇ ನುಣ್ಣಗೆ ಓಡುತ್ತದೆ. ಎಣ್ಣೆಗೂ ಹೆದರುವುದಿಲ್ಲ. ಹಾಗಂತ ಇದನ್ನು ಹಾಕಿದ ತಕ್ಷಣ ಲೇತ್ ಹೊಸದಾಗಿಬಿಡುತ್ತದೆ ಅನ್ನುವ ಮಾತು ಉತ್ಪ್ರೇಕ್ಷೆ. ಹಳಸಿ ಸೆಟೆದ ಬೆಲ್ಟ್ ತೆಗೆದು ಇದನ್ನು ಹಾಕಿದವರು ಹೊಗಳುವುದು ಸಹಜ. ಒಳ್ಳೆಯ ಕಾಗ್ಡ್ ಬೆಲ್ಟ್ ತೆಗೆದು ಹಾಕಿದರೆ ಫಿನಿಶ್‌ನಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಬಂದದ್ದು ಶಬ್ದ. ಗ್ರೂವ್ ಆಳ ಕಡಿಮೆ ಇರುವ ಪುಲ್ಲಿಯಲ್ಲಿ ಕಿವಿಗಳು ತಳಕ್ಕೆ ತಾಗಿ ಟಪಟಪ ಅನ್ನುತ್ತವೆ. ಕೊಳ್ಳುವ ಮೊದಲು ಗ್ರೂವ್ ಆಳ ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. ದುಬಾರಿ ಕೂಡ ಹೌದು. ಸ್ಪಿಂಡಲ್ ಬಿಚ್ಚುವ ಕೆಲಸ ಉಳಿಯುವುದಾದರೆ ಕಣ್ಣು ಮುಚ್ಚಿ ಕೊಳ್ಳಿ, ಇಲ್ಲವಾದರೆ ಯೋಚಿಸಿ.

ಟೈಮಿಂಗ್ ಬೆಲ್ಟ್ ಬೇರೆಯೇ ಲೋಕ. ಸೀಗ್ ಸಿ2, ಸಿ3 ಮತ್ತು ಅದೇ ಅಚ್ಚಿನ ಮಿನಿ ಲೇತ್‌ಗಳಲ್ಲಿ ಕಾರ್ಖಾನೆಯಿಂದ ಬರುವುದು ಇದೇ. ಇಲ್ಲಿ ಮೋಸ ಹೋಗುವುದು ಪಿಚ್‌ನಲ್ಲಿ. ಎಕ್ಸ್‌ಎಲ್ ಅಂದರೆ ಹಲ್ಲಿನಿಂದ ಹಲ್ಲಿಗೆ 5.08 ಮಿಮೀ, ಟಿ5 ಅಂದರೆ 5 ಮಿಮೀ. ಈ ಮಿನಿ ಲೇತ್‌ಗಳಲ್ಲಿ ಇರುವುದು ಎರಡೂ ಅಲ್ಲ, ಮಾಡ್ಯೂಲ್ 1.5, ಅಂದರೆ 1.5ನ್ನು ಪೈಯಿಂದ ಗುಣಿಸಿದ್ದು, 4.71 ಮಿಮೀ. ಕಣ್ಣಿಗೆ ಮೂರೂ ಒಂದೇ ಥರ. ಬೆಲ್ಟನ್ನು ಮೇಜಿನ ಮೇಲೆ ನೆಟ್ಟಗೆ ಮಲಗಿಸಿ ಒಂದು ಹಲ್ಲಿನ ಅಂಚಿನಿಂದ ಹತ್ತು ಹಲ್ಲು ದಾಟಿ ಅದೇ ಅಂಚಿಗೆ ಅಳೆಯಿರಿ. 47.1 ಬಂದರೆ ಮಾಡ್ಯೂಲ್ 1.5, 50 ಬಂದರೆ ಟಿ5 ಅಥವಾ 5ಎಂ, 50.8 ಬಂದರೆ ಎಕ್ಸ್‌ಎಲ್. ಟಿ5ರ ಹಲ್ಲು ಚಪ್ಪಟೆ ತಲೆಯದ್ದು, 5ಎಂನದ್ದು ಗುಂಡಗೆ. ‘ಹೆಚ್ಚುಕಡಿಮೆ ಹೊಂದುತ್ತೆ ಹಾಕಿ ಸಾರ್’ ಅಂತ ಕೊಟ್ಟದ್ದನ್ನು ಹಾಕಬೇಡಿ. ಎಕ್ಸ್‌ಎಲ್ ಪುಲ್ಲಿಗೆ ಟಿ5 ಹಾಕಿದರೆ ಹತ್ತು ಹಲ್ಲಿಗೆ 0.8 ಮಿಮೀ ತಪ್ಪು, ಒಂದೆರಡು ಹಲ್ಲಿನ ಮೇಲೇ ಭಾರ ಬಿದ್ದು ಅವು ಕಿತ್ತು ಬರುತ್ತವೆ.

ಒಳ್ಳೆಯ ಗುಣ ಅಂದರೆ ಜಾರಲ್ಲ, ಪುಟ್ಟ ಪುಲ್ಲಿಯಲ್ಲೂ ಬಾಗುತ್ತದೆ, ಬಿಗಿ ಜಾಸ್ತಿ ಬೇಡ. ಆದರೆ ಜಾರಲ್ಲ ಅನ್ನುವುದನ್ನು ನಾನು ಪೂರ್ತಿ ಒಳ್ಳೆಯ ಗುಣ ಅಂತ ಒಪ್ಪುವುದಿಲ್ಲ. ತುಂಡರಿಸುವ ಪಾರ್ಟಿಂಗ್ ಟೂಲ್ ಜಾಬ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ವಿ ಬೆಲ್ಟ್ ಕಿರ್ ಅಂತ ಜಾರಿ ಎಚ್ಚರಿಸುತ್ತದೆ. ಟೈಮಿಂಗ್ ಬೆಲ್ಟ್ ಇದ್ದರೆ ಆ ಹೊಡೆತ ನೇರ ಒಳಗೆ ಹೋಗುತ್ತದೆ, ಮಿನಿ ಲೇತ್‌ನ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂರುವ ಪೆಟ್ಟಿಗೆ) ಒಳಗೆ ಪ್ಲಾಸ್ಟಿಕ್ ಗೇರ್ ಇದ್ದರೆ ಅದರ ಹಲ್ಲು ಉದುರುತ್ತದೆ. ಗೇರ್ ಬದಲಿಸುವ ಕೆಲಸಕ್ಕೆ ಹೋಲಿಸಿದರೆ ಬೆಲ್ಟ್ ಬದಲಿಸುವುದು ಮಕ್ಕಳಾಟ. ಕಾರ್ಖಾನೆಯ ಬೆಲ್ಟ್ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ಬಲವರ್ಧಿತ ಅದು ಇದು ಅಂತ ಬದಲಿಸಲು ಹೋಗಬೇಡಿ.

ನನ್ನ ಮೆಚ್ಚಿನದು ಪಾಲಿ ವಿ. ಚಪ್ಪಟೆ ಬೆಲ್ಟ್, ಒಳಗೆ ಉದ್ದುದ್ದ ಸಣ್ಣ ವಿ ಗೆರೆಗಳು, ವಾಷಿಂಗ್ ಮಷೀನಿನಲ್ಲಿ ನೋಡಿರುತ್ತೀರಿ. ಚಿಕ್ಕ ಲೇತ್‌ಗೆ ಬೇಕಾದದ್ದು ಪಿಜೆ, ಗೆರೆಯಿಂದ ಗೆರೆಗೆ 2.34 ಮಿಮೀ. 240ಜೆ6 ಅಂತ ಇದ್ದರೆ 24.0 ಇಂಚು ಉದ್ದ, ಆರು ಗೆರೆ. ಅದೇ ಬೆಲ್ಟ್ ಇನ್ನೊಂದು ಕಡೆ 6ಪಿಜೆ610 ಅಂತ ಮಿಮೀ ಲೆಕ್ಕದಲ್ಲಿ ಸಿಗುತ್ತದೆ. ಪಿಜೆ ತೆಳ್ಳಗಿರುವುದರಿಂದ 20 ಮಿಮೀ ಪುಲ್ಲಿಯ ಮೇಲೂ ಓಡುತ್ತದೆ. ಎ ಸೈಜಿನ 75ರ ಪಕ್ಕ ಇದನ್ನಿಟ್ಟು ನೋಡಿದರೆ ನಾನು ಯಾಕೆ ಇದರ ಕಡೆ ವಾಲುತ್ತೇನೆ ಗೊತ್ತಾಗುತ್ತದೆ. ಸದ್ದಿಲ್ಲ, ಬಡಿತವಿಲ್ಲ, ಅತಿಯಾದ ಭಾರ ಬಿದ್ದರೆ ಜಾರುವ ಗುಣವೂ ಉಂಟು. ತೊಂದರೆ ಒಂದೇ, ನಿಮ್ಮ ಲೇತ್‌ನ ಪುಲ್ಲಿ ಅದಕ್ಕೆ ತಕ್ಕದ್ದಲ್ಲದಿದ್ದರೆ ಹೊಸ ಪುಲ್ಲಿ ಕೊರೆಯಬೇಕು. ಕೊರೆಯಲು ಲೇತ್ ಇದೆಯಲ್ಲ, ಹಳೇ ಬೆಲ್ಟ್ ಇರುವಾಗಲೇ ಎರಡೂ ಪುಲ್ಲಿ ಮಾಡಿಟ್ಟುಕೊಂಡು ಆಮೇಲೆ ಬಿಚ್ಚಿ. ಇಲ್ಲಿ ಗೆರೆಗಳ ಕೋನ 40 ಡಿಗ್ರಿಯೇ, ಟೂಲ್ ಒಂದು ಸಲ ಸರಿಯಾಗಿ ಗ್ರೈಂಡ್ ಮಾಡಿ 2.34 ಮಿಮೀ ಸರಿಸುತ್ತಾ ಒಂದೊಂದೇ ಗೆರೆ ಇಳಿಸಿ. ಪುಲ್ಲಿಗಳು ನೇರಕ್ಕೆ ಇರಲೇಬೇಕು, ಸ್ಟೀಲ್ ಪಟ್ಟಿ ಅಡ್ಡ ಹಿಡಿದು ನೋಡಿ. ಚೂರು ಓರೆಯಾದರೂ ಒಂದು ಗೆರೆ ಪಕ್ಕಕ್ಕೆ ಹಾರುತ್ತದೆ. ಗೆರೆಗಳ ನಡುವೆ ಲೋಹದ ಚೂರು ಸೇರದಂತೆ ಗಾರ್ಡ್ ಮುಚ್ಚಿರಬೇಕು.

ಕಾರಿನ ಬೆಲ್ಟ್ ಹಾಕಬಹುದಾ ಅಂತ ಕೇಳುವವರಿಗೆ: ಕಾರಿನದು ಪಿಕೆ, 3.56 ಮಿಮೀ, ಪಿಜೆ ಪುಲ್ಲಿಗೆ ಕೂರಲ್ಲ. ಮೇಲಾಗಿ ಈಗಿನ ಕಾರ್ ಬೆಲ್ಟ್‌ಗಳು ಹೆಚ್ಚಾಗಿ ಇಪಿಡಿಎಂ ರಬ್ಬರ್, ಬಿಸಿ ತಡೆಯುತ್ತದೆ ಆದರೆ ಮಿನರಲ್ ಎಣ್ಣೆ ತಗುಲಿದರೆ ಉಬ್ಬುತ್ತದೆ. ಹೆಡ್‌ಸ್ಟಾಕ್‌ನಿಂದ ಎಣ್ಣೆ ತೊಟ್ಟಿಕ್ಕುವ ಲೇತ್‌ಗೆ ಅದು ಸರಿಹೋಗುವುದಿಲ್ಲ.

ಗುಂಡು ಪಾಲಿಯುರೆಥೇನ್ ಹುರಿಯ ಬಗ್ಗೆ ಎರಡೇ ಮಾತು. ಮೇಜಿನ ಮೇಲೆ ಕೂರುವ ತೀರಾ ಪುಟ್ಟ ಲೇತ್‌ಗೆ ಸಾಕು. ಅಳತೆಗಿಂತ ಸ್ವಲ್ಪ ಕಡಿಮೆ ಕತ್ತರಿಸಿ, ಬಿಸಿ ಬ್ಲೇಡಿಗೆ ಎರಡೂ ತುದಿ ತಾಗಿಸಿ ಕರಗಿಸಿ ಒತ್ತಿ ಹಿಡಿದರೆ ಬೆಸೆಯುತ್ತದೆ. ಬೆಸುಗೆಯ ಗಂಟನ್ನು ಆರಿದ ಮೇಲೆ ಬ್ಲೇಡಿನಲ್ಲಿ ಪೂರ್ತಿ ಸಮ ಮಾಡಿ, ಇಲ್ಲದಿದ್ದರೆ ಆ ಗಂಟು ಪುಲ್ಲಿ ದಾಟಿದಾಗಲೆಲ್ಲ ಜಾಬ್ ಮೇಲೆ ಗುರುತು ಬೀಳುತ್ತದೆ. ದಪ್ಪ ಕಟ್‌ಗೆ ಆಸೆ ಪಡಬೇಡಿ.

ಯಾವುದೇ ಹಾಕಿ, ಬಿಗಿ ಸರಿಯಿಲ್ಲದಿದ್ದರೆ ಹಾಳು. ಟೈಟ್ ಇದ್ದಷ್ಟೂ ಒಳ್ಳೆಯದು ಅಂತ ಮೋಟಾರ್ ಎಳೆದು ಬೋಲ್ಟ್ ಬಿಗಿಯುವವರೇ ಜಾಸ್ತಿ, ಆಮೇಲೆ ಸ್ಪಿಂಡಲ್ ಬೇರಿಂಗ್ ಬಿಸಿಯಾಗುತ್ತದೆ ಅಂತ ಗ್ರೀಸ್ ಬದಲಿಸುತ್ತಾರೆ. ವಿ ಬೆಲ್ಟ್‌ಗೆ ಲೆಕ್ಕ ಸುಲಭ: ಎರಡು ಪುಲ್ಲಿಗಳ ನಡುವಿನ ಬಿಡಿ ಭಾಗ ಪ್ರತಿ 100 ಮಿಮೀ ಉದ್ದಕ್ಕೆ 1.6 ಮಿಮೀಯಷ್ಟು ತಗ್ಗಬೇಕು, ಬೆರಳಲ್ಲಿ ಮಧ್ಯಮ ಒತ್ತು ಕೊಟ್ಟಾಗ. 200 ಮಿಮೀ ಇದ್ದರೆ ಸುಮಾರು 3 ಮಿಮೀ. ಜಾರಿದರೆ ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆಯಬೇಡಿ, ಅಂಟಂಟಾಗಿ ಲೋಹದ ಪುಡಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿ ಪುಲ್ಲಿ ಮೇಲೆ ಏರಿಸುವುದಂತೂ ಬೇಡವೇ ಬೇಡ. ಒಳಗಿನ ದಾರ ಹರಿದರೆ ಹೊರಗೆ ಏನೂ ಕಾಣುವುದಿಲ್ಲ, ಸ್ವಲ್ಪ ದಿನಕ್ಕೆ ಬೆಲ್ಟ್ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ.

ಇನ್ನು, ನಡುಕಕ್ಕೆ ಬೆಲ್ಟನ್ನೇ ಬೈಯುವ ಮೊದಲು ಅದನ್ನು ಕಳಚಿಟ್ಟು ಮೋಟಾರ್ ಒಂದನ್ನೇ ಓಡಿಸಿ. ಆಗಲೂ ಸ್ಟ್ಯಾಂಡ್ ಅದುರಿದರೆ ತಪ್ಪು ಮೋಟಾರ್‌ನದ್ದು ಅಥವಾ ಅದರ ಪುಲ್ಲಿಯದ್ದು, ಪ್ರಪಂಚದ ಯಾವ ಬೆಲ್ಟೂ ಅದನ್ನು ಸರಿ ಮಾಡಲ್ಲ.

ಕೊನೆಗೆ ಲಿಂಕ್ ಬೆಲ್ಟ್ ಬೇಡ, ಸ್ಪಿಂಡಲ್ ಬಿಚ್ಚಿಯೇ ಕಾಗ್ಡ್ ಹಾಕುತ್ತೇನೆ ಅನ್ನುವ ಹಟಮಾರಿಗಳಿಗೆ ಒಂದು ಉಪಾಯ. ಸ್ಪಿಂಡಲ್ ಹೊರಗೆ ಇರುವಾಗ ಒಂದರ ಬದಲು ಎರಡು ಬೆಲ್ಟ್ ಪೋಣಿಸಿ. ಒಂದನ್ನು ಪುಲ್ಲಿಗೆ ಹಾಕಿ, ಇನ್ನೊಂದನ್ನು ಹೆಡ್‌ಸ್ಟಾಕ್ ಒಳಗೆ ಜಾಗ ಇದ್ದರೆ ತಿರುಗುವ ಭಾಗಕ್ಕೆ ಎಲ್ಲೂ ತಾಗದ ಹಾಗೆ ಪಕ್ಕಕ್ಕೆ ಸರಿಸಿ ಕೇಬಲ್ ಟೈನಿಂದ ಭದ್ರವಾಗಿ ಕಟ್ಟಿಡಿ. ಮುಂದಿನ ಸಲ ಟೈ ಕತ್ತರಿಸಿದರೆ ಸಾಕು, ಬೇರಿಂಗ್ ಮುಟ್ಟುವ ಕೆಲಸ ಇಲ್ಲ.